ಭಾವನ ಹಾಯಿಗೆ ಟಕ್ಸ್ ಹಿಡಿದದ್ದು

ನನ್ನ ಹೊಲಿಗೆ ಮಿಷನ್ನಿಗೆ ಎರಡು ಖಾನೆ. ಬಲಗಡೆಯದರಲ್ಲಿ ನಾನು ಇಟ್ಟ ಸಾಮಾನು ಇರುತ್ತದೆ, ಎಡಗಡೆಯದರಲ್ಲಿ ತಾವಾಗಿ ಬಂದು ಸೇರಿಕೊಂಡವು. ಮೊನ್ನೆ ಪಕ್ಕದ ಮನೆಯವರ ರವಿಕೆಗೆ ಒಂದು ಹುಕ್ಕು ಕಮ್ಮಿ ಬಿತ್ತು ಅಂತ ಎಡಗಡೆ ಖಾನೆಗೆ ಕೈಹಾಕಿದೆ. ಮುರಿದ ಬಾಬಿನ್ನು, ಯಾರದೋ ಮದುವೆಯ ಕುಂಕುಮದ ಪೊಟ್ಟಣ, ಒಂಟಿ ಜುಮಕಿ, ಎರಡು ಕಾಫಿ ಬೀಜ. ಎಲ್ಲದರ ಕೆಳಗೆ ಅಂಗೈಯಗಲದ ಒಂದು ನೀಲಿ ಟಾರ್ಪಾಲಿನ ತುಂಡು, ಅದಕ್ಕೆ ಚುಚ್ಚಿದ ಹಾಗೇ ನಿಂತಿದ್ದ ಸೊಟ್ಟ ಸೂಜಿ. ಹುಕ್ಕು ಹುಡುಕುವುದು ಅಲ್ಲಿಗೇ ನಿಂತಿತು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಅದು ಉಕ್ಕಿದ್ದೂ ಗೊತ್ತಾಗಲಿಲ್ಲ.

ಈ ಮಿಷನ್ನನ್ನು ಮೂವತ್ತು ವರ್ಷದಿಂದ ತುಳಿಯುತ್ತಿದ್ದೇನೆ. ರವಿಕೆ, ಲಂಗ, ದಿಂಬಿನ ಕವರು, ಇಸ್ಕೂಲಿನ ಯೂನಿಫಾರ್ಮು, ಕಾಫಿ ಕೊಯ್ಯುವವರು ಸೊಂಟಕ್ಕೆ ಕಟ್ಟುವ ಚೀಲ, ಎಲ್ಲ ಹೊಲಿದಿದ್ದೇನೆ. ದೋಣಿಗೆ ಹಾಯಿ ಹೊಲಿದದ್ದು ಒಬ್ಬರಿಗೇ. ಆಲೂರು, ಸಕಲೇಶಪುರದ ಕಡೆ ಬೇರೆ ಯಾವ ಟೈಲರಾದರೂ ಹಾಯಿ ಹೊಲಿದಿದ್ದರೆ ದಯವಿಟ್ಟು ತಿಳಿಸಿ. ಹೋಗಿ ಒಂದು ನಮಸ್ಕಾರ ಹಾಕಿ, ಸೂಜಿ ಎಷ್ಟು ಮುರಿಯಿತು ಅಂತ ಕೇಳಿಕೊಂಡು ಬರುತ್ತೇನೆ.

ಗಾಳಿಗೂ ನನಗೂ ಹಳೆಯ ಪರಿಚಯ. ನನ್ನ ತವರು ಹೊಂಗಡಹಳ್ಳದ ಕಡೆ. ನಾವು ಇಸ್ಕೂಲಿಗೆ ಹೋಗುವ ಕಾಲಕ್ಕೆ ಮನೆಗೊಂದು ಕೊಡೆ, ಅದೂ ಅಪ್ಪನದು. ನಮಗೆ ಗೊಬ್ಬರದ ಚೀಲದ ಕೊಪ್ಪೆ. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ತಲೆಗೆ ಹಾಕಿಕೊಂಡರೆ ಬೆನ್ನಿಗೂ ಆಯಿತು, ಪುಸ್ತಕಕ್ಕೂ ಆಯಿತು. ಬಿಸಿಲೆ ಘಾಟಿಯ ಕಡೆಯಿಂದ ಗಾಳಿ ನುಗ್ಗಿದರೆ ಆ ಕೊಪ್ಪೆ ಹಿಂದಿನಿಂದ ಉಬ್ಬಿಕೊಳ್ಳುವುದು. ಆಮೇಲೆ ಇಳಿಜಾರಿನಲ್ಲಿ ನಡೆಯುವ ಕೆಲಸ ಕೊಪ್ಪೆಯದು, ನನ್ನದು ಬರೀ ಕಾಲು ಎತ್ತಿಡುವ ಕೆಲಸ. ಒಂದು ದಿನ ಹಾಗೇ ಹೋಗಿ ಇಸ್ಕೂಲಿನ ಕಂಬ ತಬ್ಬಿಕೊಂಡು ನಿಂತಾಗ ಮೇಷ್ಟ್ರು, "ಏನೇ ಸರೋಜಾ, ಇವತ್ತು ಬೇಗ ಬಂದ್ಬುಟ್ಟೆ?" ಅಂದಿದ್ದರು. ಅವತ್ತೇ ಬುದ್ಧಿ ಇದ್ದಿದ್ದರೆ ಗಾಳಿಗೆ ಬೇಕಾದ್ದು ಹೊಟ್ಟೆಯಿರುವ ಬಟ್ಟೆ ಅಂತ ತಿಳಿದುಕೊಳ್ಳುತ್ತಿದ್ದೆ. ನಾನು ತಿಳಿದುಕೊಂಡದ್ದು ಮಾತ್ರ ಕಂಬ ಗಟ್ಟಿಯಾಗಿರುತ್ತದೆ ಅಂತ.

ಹಾಯಿ ಬೇಕಾಗಿದ್ದು ನಮ್ಮ ಭಾವನಿಗೆ. ಅಂದರೆ ನಮ್ಮ ಮನೆಯವರ ಅಣ್ಣ ತಮ್ಮಣ್ಣಗೌಡರಿಗೆ. ಅಣ್ಣತಮ್ಮಂದಿರದು ಎರಡು ಮನೆ, ನಡುವೆ ಕಾಫಿ ಒಣಗಿಸುವ ಒಂದೇ ಕಣ, ಕಣ ದಾಟಿ ಕೆಳಗಿಳಿದರೆ ಹೇಮಾವತಿಯ ಹಿನ್ನೀರು. ನಮ್ಮ ಕಡೆ ಭಾವಂದಿರು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದು ಕಮ್ಮಿ. ಕೋಪಕ್ಕಲ್ಲ, ಮರ್ಯಾದೆಗೆ. ನಾನು ಎದುರಿಗೇ ಲೋಟ ಹಿಡಿದು ನಿಂತಿದ್ದರೂ ಭಾವ ತಮ್ಮ ಹೆಂಡತಿ ಜಯಕ್ಕನ ಕಡೆ ತಿರುಗಿ, "ಸರೋಜಂಗೆ ಹೇಳು, ಸಕ್ಕರೆ ಒಂಚೂರು ಜಾಸ್ತಿ ಆಯ್ತು ಅಂತ" ಅನ್ನುತ್ತಿದ್ದರು. ಜಯಕ್ಕ ನನ್ನ ಕಡೆ ತಿರುಗಿ, "ಸಕ್ಕರೆ ಜಾಸ್ತಿ ಆಯ್ತಂತೆ ಕಣೇ" ಅನ್ನುತ್ತಿದ್ದಳು. ನಾನು, "ನಾಳೆಯಿಂದ ಕಮ್ಮಿ ಹಾಕ್ತಾಳಂತೆ ಅಂತ ಹೇಳಕ್ಕ" ಅನ್ನುತ್ತಿದ್ದೆ. ಮೂರು ಮೊಳದ ದೂರಕ್ಕೆ ಒಂದು ಪೋಸ್ಟಾಫೀಸು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ.

ನೀರಿನ ಆಚೆ ದಡದಲ್ಲಿ ಭಾವನದು ಒಂದೂವರೆ ಎಕರೆಯ ದಿಣ್ಣೆ. ಡ್ಯಾಮು ಕಟ್ಟಿದಾಗ ತಗ್ಗಿನ ಗದ್ದೆಯೆಲ್ಲ ನೀರಿಗೆ ಹೋಗಿ ಇದೊಂದು ತಲೆ ಎತ್ತಿಕೊಂಡು ಉಳಿಯಿತು. ಅದಕ್ಕೆ ಕಾಫಿ ಹಾಕಿ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ, ಅಂಚಿಗೆ ಕಿತ್ತಳೆ ನೆಟ್ಟು, ಮಗಳ ತಲೆ ಬಾಚಿದ ಹಾಗೆ ನೀಟಾಗಿ ಇಟ್ಟುಕೊಂಡಿದ್ದರು. ದಿನಾ ತಿಂಡಿ ತಿಂದು, ಮೀನು ಹಿಡಿಯುವವರು ಬಿಟ್ಟುಹೋಗಿದ್ದ ಹಳೇ ಫೈಬರ್ ದೋಣಿಗೆ ಹುಟ್ಟು ಹಾಕಿದರೆ ಇಪ್ಪತ್ತು ನಿಮಿಷಕ್ಕೆ ಆಚೆ. ರಸ್ತೆ ಸುತ್ತಿ ಹೋದರೆ ಹದಿನಾಲ್ಕು ಕಿಲೋಮೀಟರು, ಅದರಲ್ಲಿ ಆನೆ ಎಲ್ಲಿ ನಿಂತಿದೆಯೋ ಹೇಳುವವರಿಲ್ಲ.

ಒಂದು ವರ್ಷ ಮೆಣಸಿನ ಕೊಯ್ಲಿನಲ್ಲಿ ಭಾವ ಏಣಿಯಿಂದ ಬಿದ್ದು ಬಲತೋಳು ಕೆಡಿಸಿಕೊಂಡರು. ಹಾಸನದ ಡಾಕ್ಟರು ಮೂರು ತಿಂಗಳು ನೋಡಿ, "ಊಟ ಮಾಡಿ, ಬರೀರಿ, ಹಗುರದ್ದು ಹಿಡ್ಕೊಳ್ಳಿ. ಹುಟ್ಟು ಮಾತ್ರ ಹಾಕ್ಬೇಡಿ" ಅಂದುಬಿಟ್ಟರು. ಮೋಟರು ಹಾಕಿಸಿ ಅಂದರು ಕೆಲವರು. ಅದನ್ನು ಸ್ಟಾರ್ಟ್ ಮಾಡಲು ಹಗ್ಗ ಎಳೆಯಬೇಕಲ್ಲ, ಎಳೆಯುವ ತೋಳೇ ಕೆಟ್ಟಿರುವುದು. ನಮ್ಮ ಮನೆಯವರು ಬಿಡುವಾದಾಗ ಕೂರಿಸಿಕೊಂಡು ಹೋಗಿ ಬರುತ್ತಿದ್ದರು. ಆದರೆ ಕೇಳಬೇಕಲ್ಲ, ಆ ಕೇಳುವುದು ಭಾವನಿಂದ ಆಗುತ್ತಿರಲಿಲ್ಲ. ನಮ್ಮ ಜಗಲಿಗೆ ಬಂದು ಕೂರುವರು. ಹಸು ಎಷ್ಟು ಹಾಲು ಕೊಡುತ್ತೆ ಅಂತ ವಿಚಾರಿಸುವರು. ಮೋಡ ನೋಡುವರು. ತಮ್ಮ ಕತ್ತಿ ಮಸೆಯುತ್ತಿದ್ದರೆ ಕತ್ತಿಯ ಬಗ್ಗೆ ನಾಲ್ಕು ಮಾತಾಡಿ, ಎದ್ದು ಹೋಗುವರು. ಕೇಳುವುದಕ್ಕೆ ಬಂದಿದ್ದರು ಅಂತ ನಮಗೆ ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು.

ಅಂಥ ಹೊತ್ತಿನಲ್ಲೇ ಶುಂಠಿ ರಾಜಣ್ಣ ಬಂದದ್ದು. ಆತ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವವನು. ಕೆಟ್ಟ ಮನುಷ್ಯನಲ್ಲ, ಬರುವಾಗ ಬಾಳೆಹಣ್ಣು ತರುತ್ತಾನೆ. ದಿಣ್ಣೆ ಕೊಡಿ, ಗಿಡ ಮರ ಎಲ್ಲ ತೆಗೆದು ಶುಂಠಿಗೆ ಮಡಿ ಮಾಡಿಕೊಳ್ಳುತ್ತೇನೆ ಅಂದ. ಭಾವ ಬಹಳ ಹೊತ್ತು ಉಗುರು ನೋಡಿಕೊಂಡು ಕೂತು, "ಸಂಕ್ರಾಂತಿ ಕಳೀಲಿ. ಅಷ್ಟ್ರೊಳಗೆ ಯಾರನ್ನೂ ಕೇಳ್ದೆ ನಾನೇ ಆಚೆ ದಡಕ್ಕೆ ಹೋಗ್ಬರೋ ದಾರಿ ಆಗ್ಲಿಲ್ಲ ಅಂದ್ರೆ ತಗೊ. ನೋಡೋರಿಲ್ದೆ ಒಣಗೋದಕ್ಕಿಂತ ಶುಂಠಿಯಾದ್ರೂ ಆಗ್ಲಿ" ಅಂದರು. ಜಯಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ನನಗೆ ಕೇಳಿಸಿತು.

ಆ ವರ್ಷ ಕಾಫಿ ಒಣಗಿಸುವಾಗ ಮೂಡಲ ಗಾಳಿ ಜೋರಾಗಿತ್ತು. ಸಂಜೆ ಇಬ್ಬನಿ ಬೀಳುವ ಮುಂಚೆ ರಾಶಿಗೆ ಟಾರ್ಪಾಲು ಹೊದಿಸಬೇಕು. ಜಯಕ್ಕ ಒಂದು ತುದಿ ಹಿಡಿದು ಕೊಡವಿದಳು. ಗಾಳಿ ಅದೇ ಗಳಿಗೆಗೆ ಕಾದಿತ್ತೋ ಏನೋ, ಟಾರ್ಪಾಲು ಭುಸ್ ಅಂತ ಎದ್ದು ಜಯಕ್ಕನನ್ನು ಕಣದ ಈ ಕಡೆಯಿಂದ ಆ ಕಡೆಗೆ ದರದರ ಎಳೆದುಕೊಂಡು ಹೋಯಿತು. ಜಯಕ್ಕ ಎಂಬತ್ತು ಕೆಜಿಗೆ ಕಮ್ಮಿಯಿಲ್ಲದ ಹೆಂಗಸು, ಅವಳೇ ಹೇಳಿಕೊಳ್ಳುತ್ತಾಳೆ.

"ಬಿಡೇ, ಬಿಡೇ ಅದನ್ನ!" ಅಂತ ನಾನು ಕೂಗಿದೆ.

"ಹೊಸಾ ಟಾರ್ಪಾಲು ಕಣೇ, ಬಿಡೋದೆಂಗೆ!"

ಕಾಫಿ ರಾಶಿಗೆ ಸಿಕ್ಕಿ ಕೂತುಕೊಂಡ ಮೇಲೆ ನಿಂತಳು. ನಾನು ನಕ್ಕೆ, ನಮ್ಮ ಮನೆಯವರು ನಕ್ಕರು. ಭಾವ ನಗಲಿಲ್ಲ. ಜಯಕ್ಕ ಜಾರಿದ ಜಾಗವನ್ನು ಹೆಜ್ಜೆಯಲ್ಲಿ ಅಳೆದರು. ಹದಿನಾಲ್ಕು ಹೆಜ್ಜೆ. ಆಮೇಲೆ ನೀರಿನ ಕಡೆ ನೋಡಿದರು. "ಇವಳನ್ನೇ ಎಳೀತು ಅಂದ್ರೆ ದೋಣಿ ಯಾವ ಲೆಕ್ಕ" ಅಂದರು. ಜಯಕ್ಕ ಆ ಮಾತಿಗೆ ಎರಡು ದಿನ ಮುನಿಸಿಕೊಂಡಿದ್ದಳು.

ನಾನು ಭಾವನನ್ನು ಮೆಚ್ಚಲು ಶುರುಮಾಡಿದ್ದು ಅಲ್ಲಿಂದ. ನಾವಾಗಿದ್ದರೆ ಒಂದು ಕೋಲು ನೆಟ್ಟು ಟಾರ್ಪಾಲು ಕಟ್ಟಿ ಮಾರನೇ ದಿನವೇ ನೀರಿಗಿಳಿದು ಮುಳುಗಿರುತ್ತಿದ್ದೆವು. ಭಾವ ಮೊದಲು ಹಾಲಿನ ಪ್ಯಾಕೆಟ್ಟು ಕತ್ತರಿಸಿ, ಪೊರಕೆ ಕಡ್ಡಿಗೆ ಕಟ್ಟಿ, ದನಕ್ಕೆ ನೀರಿಡುವ ಕಲ್ಲುಬಾನಿಯಲ್ಲಿ ಅಂಗೈಯಷ್ಟು ದೋಣಿ ಬಿಟ್ಟರು. ಫೋನಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಪ್ಲಾಸ್ಟಿಕ್ ಶೀಟಿನಲ್ಲಿ ಹಾಯಿ ಮಾಡುವುದನ್ನು ಶಬ್ದ ತೆಗೆದು ನೋಡಿದರು. "ಅವನ ಮಾತು ನಮಗೆ ಬ್ಯಾಡ, ಕೈ ನೋಡಿದ್ರೆ ಸಾಕು." ದಾರ ಯಾವುದು ತಡೆಯುತ್ತದೆ ಅಂತ ಮೂರು ಥರದ ದಾರಕ್ಕೆ ಒಂದೊಂದು ಇಟ್ಟಿಗೆ ಕಟ್ಟಿ ಬಿಸಿಲಿಗೆ ನೇತುಹಾಕಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ಎಂಟು ದಿನ ಕಾದರು. ನನ್ನ ರವಿಕೆ ದಾರ ಎರಡೇ ದಿನಕ್ಕೆ ಇಟ್ಟಿಗೆ ಬಿಟ್ಟಿತು. ಕಾಫಿ ಮೂಟೆಯ ಬಾಯಿ ಹೊಲಿಯುವ ದಾರ ಗೆದ್ದಿತು. ನಮ್ಮ ಮನೆಯ ಬೆಕ್ಕಿಗೆ ಆ ಎಂಟು ದಿನವೂ ಇಟ್ಟಿಗೆಗಳದೇ ಯೋಚನೆ.

ಒಂದು ಕಾಸಿನ ಹೊಸ ಸಾಮಾನು ಬರಬಾರದು ಅನ್ನುವುದು ಭಾವನ ಹಟ. ಇಲಿ ಕಡಿದು ಮೂಲೆಗೆ ಬಿದ್ದಿದ್ದ ಹಳೇ ನೀಲಿ ಟಾರ್ಪಾಲಿನಲ್ಲಿ ಗಟ್ಟಿಯಿದ್ದ ಭಾಗ ಹಾಯಿಗೆ. ಮೂಲೆಗಳಿಗೆ ಒತ್ತು ಕೊಡಲು ಗೊಬ್ಬರದ ಚೀಲ, ನಾಲ್ಕು ಪದರ. ಕೆಳಗಿನ ಅಡ್ಡಗೋಲಿಗೆ ಒಡೆದ ಸ್ಪ್ರಿಂಕ್ಲರ್ ಪೈಪು. ನಡುವಿನ ಕಂಬಕ್ಕೆ ಮೆಣಸು ಕೀಳುವ ಏಣಿ. ನಮ್ಮ ಕಡೆ ಅದು ಒಂದೇ ಬಿದಿರಿನದು, ಗೆಣ್ಣಿನ ಹತ್ತಿರ ಕಾಲಿಡಲು ಜಾಗ ಬಿಟ್ಟಿರುತ್ತಾರೆ. ಭಾವ ಬಿದ್ದದ್ದು ಅದೇ ಏಣಿಯಿಂದ. ಗೆಣ್ಣು ಸವರುತ್ತಾ, "ಬೀಳಿಸಿದ್ದು ನೀನೇ, ನೀನೇ ಹೊತ್ಕೊಂಡು ಹೋಗು" ಅಂದರು.

ಕಣದ ಸಿಮೆಂಟಿನ ಮೇಲೆ ಇಟ್ಟಿಗೆ ಚೂರಿನಿಂದ ತ್ರಿಕೋನದ ಆಕಾರ ಬರೆದದ್ದಾಯಿತು. ಒಂಬತ್ತು ಅಡಿ ಎತ್ತರ, ಆರು ಅಡಿ ಅಗಲ, ಮೂರು ಮೂಲೆ. ಇನ್ನು ಹೊಲಿಗೆ. ಭಾವ ಎಂದಿನಂತೆ ಜಯಕ್ಕನಿಗೆ ಹೇಳಿದರು: "ಸರೋಜಂಗೆ ಹೇಳು, ಅಂಚು ಎರಡು ಸಲ ಮಡಚಿ, ಒಳಗೆ ಹಗ್ಗ ಓಡೋಷ್ಟು ಸಂದು ಬಿಟ್ಟು, ಮೂಲೆ ಹತ್ರ ನಿಲ್ಸಿ, ಮತ್ತೆ ಅಡ್ಡಕ್ಕೆ ಎರಡು ಹೊಲಿಗೆ..."

"ನಿಮ್ಮ ಬಾಯಿಗೇನಾಗೈತೆ?" ಅಂದಳು ಜಯಕ್ಕ. "ನಂಗೆ ಅಷ್ಟೆಲ್ಲ ನೆಪ್ಪಿರಲ್ಲ. ನೀವೇ ಹೇಳ್ಕಳಿ."

ಭಾವ ಪೇಚಿಗೆ ಸಿಕ್ಕಿದರು. ಕೊನೆಗೆ ನನ್ನ ಹೊಲಿಗೆ ಮಿಷನ್ನಿನ ಕಡೆ ತಿರುಗಿ, ಬಹಳ ಗೌರವದಿಂದ, "ಅಂಚು ಎರಡು ಸಲ ಮಡಚಬೇಕು" ಅಂದರು. ಮಿಷನ್ನಿನ ಪರವಾಗಿ ನಾನು ಆಗಲಿ ಅಂದೆ. ಹದಿನೈದು ದಿನ ಭಾವ ಮಿಷನ್ನಿನ ಜೊತೆಗೇ ಮಾತಾಡಿದರು.

ಟಾರ್ಪಾಲು ಹೊಲಿಯುವುದು ಅಂದರೆ ಹೆಬ್ಬಾವಿಗೆ ಅಂಗಿ ತೊಡಿಸಿದ ಹಾಗೆ. ಜಾರುತ್ತದೆ, ಸುರುಳಿ ಸುತ್ತುತ್ತದೆ, ಕಾಲಿಗೆ ಸಿಕ್ಕುತ್ತದೆ. ಎರಡು ಸೂಜಿ ಮುರಿದು, ಒಂದು ಸೊಟ್ಟಾಗಿ, ಸಕಲೇಶಪುರದಿಂದ ದಪ್ಪ ಸೂಜಿ ತರಿಸಿದ್ದಾಯಿತು. ಹೊಸ ಸಾಮಾನು ಅಂದರೆ ಅದೊಂದೇ. ಕೆಳಗೆ ಹಳೇ ಪೇಪರು ಹಾಸಿ ಹೊಲಿದರೆ ಜಾರುವುದಿಲ್ಲ, ಆಮೇಲೆ ಪೇಪರು ಹರಿದು ತೆಗೆಯಬಹುದು ಅಂತ ನಾನೇ ಕಂಡುಹಿಡಿದೆ. ಅಷ್ಟಕ್ಕೇ ಊರಿಗೆಲ್ಲ ಹೇಳಿಕೊಂಡು ತಿರುಗಿದೆ ಅನ್ನಿ.

ನಾವು ತಪ್ಪಿದ್ದು ಎಲ್ಲಿ ಅಂದರೆ, ನಾವು ಕಾಫಿಯವರು. ಟಾರ್ಪಾಲು ಅಂದರೆ ಬಿಗಿಯಾಗಿರಬೇಕು, ಒಂದು ಸುಕ್ಕಿರಬಾರದು. ತಗ್ಗಿದ್ದರೆ ಇಬ್ಬನಿ ನಿಂತು ಕಾಫಿಗೆ ಬೂಷ್ಟು. ಇದು ನಾವು ಸೊಸೆಯರಾಗಿ ಬಂದ ಮೊದಲ ವರ್ಷವೇ ಅತ್ತೆ ಕಲಿಸಿದ ಪಾಠ. ನಾನೂ ಜಯಕ್ಕನೂ ಹಾಯಿಯನ್ನು ಎಳೆದು, ತಟ್ಟಿ, ಎಳೆದು, ಚಪ್ಪಟೆ ಹಪ್ಪಳದ ಹಾಗೆ ಮಾಡಿ, ಎಷ್ಟು ನೀಟಾಗೈತೆ ನೋಡು ಅಂತ ಒಬ್ಬರಿಗೊಬ್ಬರು ಶಭಾಷ್ ಕೊಟ್ಟುಕೊಂಡೆವು.

ನೀರಿಗಿಳಿಸಿದ ದಿನ ರೈಟರ್ ಮಂಜಪ್ಪನೂ ಬಂದಿದ್ದ. ಆನೇಮಹಲ್ ಹತ್ತಿರದ ಎಸ್ಟೇಟೊಂದರಲ್ಲಿ ಬಹಳ ವರ್ಷ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದು, ಈಗ ಬೇರೆ ಹಾಜರಿ ಪುಸ್ತಕ ಇಲ್ಲದ್ದರಿಂದ ನಮ್ಮೆಲ್ಲರ ಹಾಜರಿ ತೆಗೆದುಕೊಳ್ಳುತ್ತಾನೆ. ಭಾವ ಮುಂದೆ ಹಗ್ಗ ಹಿಡಿದು ಕೂತರು, ನಮ್ಮ ಮನೆಯವರು ಹಿಂದೆ ಹುಟ್ಟು ಹಿಡಿದು. ಗಾಳಿ ಮೂಡಲಿಂದ, ಹೋಗಬೇಕಾದ್ದು ಬಡಗಲಿಗೆ. ಹೋಗುವಾಗ ಬಲಗೆನ್ನೆಗೆ ಗಾಳಿ, ಬರುವಾಗ ಎಡಗೆನ್ನೆಗೆ; ಪಕ್ಕದ ಗಾಳಿಯಲ್ಲಿ ಹೋಗಲೂಬಹುದು ಬರಲೂಬಹುದು ಅಂತ ಭಾವ ಗಡ್ಡದವನ ಕೈ ನೋಡಿ ಕಲಿತಿದ್ದರು. ಆದರೆ ಹಾಯಿ ಪಟಪಟ ಬಡಿದುಕೊಂಡಿತೇ ಹೊರತು ಎಳೆಯಲಿಲ್ಲ. ದೋಣಿ ಏಡಿಯ ಹಾಗೆ ಅಡ್ಡಡ್ಡ ಪಡುವಲಿಗೆ ಜಾರಿ, ನೀರಲ್ಲಿ ನಿಂತ ಒಣಮರದ ಬೊಡ್ಡೆಗಳಿಗೆ ಸಿಕ್ಕಿಕೊಂಡಿತು. ನಮ್ಮ ಮನೆಯವರು ಹುಟ್ಟು ಹಾಕಿ ವಾಪಸ್ಸು ತಂದರು.

"ಏನ್ ಗೌಡ್ರೇ, ಕಾಫಿ ಒಣಗ್ಸೋಕೆ ಅಷ್ಟು ದೂರ ಹೋಗಿದ್ರಾ?" ಅಂದ ಮಂಜಪ್ಪ.

ಭಾವ ಹಾಯಿಯ ಅಂಚು ಹಿಡಿದು ನೋಡಿದರು. ತಮ್ಮನಿಗೆ ಅಂದರು: "ಗಾಳಿ ಐತೆ, ಬಟ್ಟೆ ಐತೆ. ಎರಡಕ್ಕೂ ಮಾತಿಲ್ಲ ನೋಡು."

ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ನನಗೆ ಆ ಹಾಯಿ ಕಂಡ ಕೂಡಲೇ ಗೊತ್ತಾಗಿಬಿಟ್ಟಿತು. ನಡುವೆ ಬಿಗಿ, ಅಂಚಿನಲ್ಲಿ ಜೋಲು, ಎಲ್ಲೂ ಮೈ ಹಿಡಿದಿಲ್ಲ. ಕಲಿಯುವ ಹುಡುಗಿಯರು ಮೊದಲ ಸಲ ಹೊಲಿದ ರವಿಕೆ ಹೀಗೇ ಇರುತ್ತದೆ. ಚಪ್ಪಟೆ ಬಟ್ಟೆಗೆ ಹೊಟ್ಟೆ ಬರಬೇಕಾದರೆ ಅಂಚಿನಲ್ಲಿ ಟಕ್ಸ್ ಹಿಡಿಯಬೇಕು, ಅಂದರೆ ಅಂಚಿನಿಂದ ಒಳಕ್ಕೆ ಸಣ್ಣಗಾಗುತ್ತಾ ಹೋಗುವ ಒಂದೊಂದು ಮಡಿಕೆ ಹೊಲಿದುಬಿಡಬೇಕು. ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಅದನ್ನು ಭಾವನಿಗೆ ಹೇಳುವುದು ಹೇಗೆ? ಕಾಫಿಯ ಸಕ್ಕರೆಯನ್ನೇ ಇನ್ನೊಬ್ಬರ ಬಾಯಲ್ಲಿ ಹೇಳಿಸುವ ಮನೆಯಲ್ಲಿ, ರವಿಕೆಯ ಟಕ್ಸ್ ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ ಅಂತ ವಿವರಿಸುವುದೇ? ಜಯಕ್ಕನಿಗೆ ಹೇಳೋಣವೆಂದರೆ ಅವಳಿಗೆ ಗುಟ್ಟು ಮಾತಾಡುವ ಗಂಟಲೇ ಇಲ್ಲ. ಮಿಷನ್ನಿಗಾದರೂ ಗೊತ್ತಿತ್ತು, ಅದು ಬಾಯಿಬಿಡಲಿಲ್ಲ.

ಹಾಗೆ ನಾಲ್ಕು ದಿನ ಕಳೆದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನಿಸುತ್ತದೆ. ಭಾವ ಆ ನಾಲ್ಕು ದಿನ ಸುಮ್ಮನೆ ಕೂರಲಿಲ್ಲ. ಮತ್ತೆ ಬಾನಿ, ಮತ್ತೆ ಹಾಲಿನ ಪ್ಯಾಕೆಟ್ಟು. ದೋಣಿ ಅಡ್ಡ ಜಾರದಿರಲು ನೀರಿಗೆ ಒಂದು ಕಾಲು ಬೇಕು ಅಂತ ಕಂಡುಕೊಂಡು, ಕಾಫಿ ಹರಡುವ ಹಲಗೆಯ ಹಿಡಿ ಕೊಯ್ದು, ದೋಣಿಯ ಪಕ್ಕಕ್ಕೆ ಹಗ್ಗದಲ್ಲಿ ನೇತುಹಾಕಿ ನೀರೊಳಕ್ಕೆ ಇಳಿಬಿಡುವ ಹಾಗೆ ಮಾಡಿದರು. ಹಾಯಿಯನ್ನು ಮಾತ್ರ ಎತ್ತಿ ಎತ್ತಿ ನೋಡಿ ಕೆಳಗಿಡುವರು. ಐದನೇ ದಿನ ಬೆಳಿಗ್ಗೆ ಕಣದ ಮೂಲೆಯಲ್ಲಿ ಫೋನಿನಲ್ಲಿ ಅನ್ನುತ್ತಿದ್ದರು: "ಹೂಂ ರಾಜಣ್ಣ. ಹಬ್ಬ ಕಳೆದ ಮಾರನೇ ದಿನ ಬಾ. ಕಿತ್ತಳೆ ಮಾತ್ರ ಈ ಸಲದ್ದು ಕಿತ್ಕೊತೀನಿ, ಆಮೇಲೆ ನಿನ್ನಿಷ್ಟ."

ಅವರ ಒಂದೂವರೆ ಎಕರೆ ನನ್ನ ನಾಚಿಕೆಯಿಂದ ಶುಂಠಿಗೆ ಹೋಗುತ್ತಿದೆ.

ಅವತ್ತು ಭಾವ ತೋಳು ತೋರಿಸಲು ಹಾಸನಕ್ಕೆ ಹೋದರು. ಅವರ ಬಸ್ಸು ಹೋದ ಶಬ್ದ ಕೇಳಿದ ಕೂಡಲೇ ಹಾಯಿ ತಂದು ಅಂಚಿನ ಹೊಲಿಗೆ ಬಿಚ್ಚಿದೆ. ಕಂಬಕ್ಕೆ ಕಟ್ಟುವ ಅಂಚಿಗೆ ಮೂರು ಟಕ್ಸ್, ಕೆಳಗಿನ ಅಂಚಿಗೆ ಎರಡು. ಜಯಕ್ಕ ಬಂದು ನೋಡಿದಳು, ಬಾಗಿಲಲ್ಲೇ ನಿಂತು ಸೊಂಟಕ್ಕೆ ಕೈಯಿಟ್ಟಳು.

"ಎಲಾ ಇವಳ! ದೋಣಿಗೆ ರವಿಕೆ ಹೊಲೀತಾವ್ಳೆ!"

"ಮೆತ್ತಗೆ ಕಣಕ್ಕ. ನಾಲ್ಕು ದಿನದಿಂದ ಗೊತ್ತಿತ್ತು, ಹೇಳೋಕೆ ನಾಚ್ಕೆ. ಭಾವಂಗೆ ಹೇಳ್ಬ್ಯಾಡ. ಹಂಗೇ ಮಡಿಕೆ ಬಂದೈತೆ ಅಂತ ಅನ್ಕೊಳ್ಲಿ."

"ನಾನ್ಯಾಕೆ ಹೇಳ್ಲಿ?" ಅಂದಳು. ಅವಳ ದನಿಯಲ್ಲೇ ಅವಳು ಹೇಳುತ್ತಾಳೆ ಅಂತ ನನಗೆ ಖಾತ್ರಿಯಾಯಿತು.

ಸಂಜೆ ಭಾವ ಬಂದರು. ಹಾಯಿಯನ್ನು ಬಿದಿರಿಗೆ ಕಟ್ಟಿ ಕಣದಲ್ಲಿ ನಿ‌ಲ್ಲಿಸಿ ನೋಡುವುದು ಅವರ ದಿನದ ಅಭ್ಯಾಸ. ನಿಲ್ಲಿಸಿದರು. ಮೂಡಲ ಗಾಳಿ ಬಂತು. ಹಾಯಿ ಬಡಿದುಕೊಳ್ಳಲಿಲ್ಲ, ಸದ್ದಿಲ್ಲದೆ ತುಂಬಿಕೊಂಡಿತು, ಬಲಿತ ಬೂದುಗುಂಬಳದ ಹಾಗೆ. ಬಿದಿರು ಹಿಡಿದಿದ್ದ ನಮ್ಮ ಮನೆಯವರು ಎರಡು ಹೆಜ್ಜೆ ಮುಂದಕ್ಕೆ ಹೋದರು. ಭಾವ ಹತ್ತಿರ ಬಂದು ಬೆರಳಲ್ಲಿ ಒಂದು ಟಕ್ಸನ್ನು ಅಂಚಿನಿಂದ ತುದಿಯವರೆಗೆ ಸವರಿದರು. ಇನ್ನೊಂದನ್ನು ಸವರಿದರು. ಆಮೇಲೆ ತಿರುಗಿ, ಜಯಕ್ಕನನ್ನಲ್ಲ, ಮಿಷನ್ನನ್ನಲ್ಲ, ನನ್ನನ್ನೇ ನೋಡಿ ಕೇಳಿದರು.

"ಇದೇನು ಸರೋಜಾ?"

ಸೆರಗು ತಿರುವುತ್ತಾ ನಿಂತೆ.

"ರವಿಕೆ ಟಕ್ಸು ಕಣ್ರೀ!" ಅಂದಳು ಜಯಕ್ಕ, ಆಚೆ ದಡಕ್ಕೆ ಕೇಳುವ ಹಾಗೆ. "ನಾಲ್ಕು ದಿನದಿಂದ ಗೊತ್ತಿತ್ತಂತೆ, ನಿಮ್ಗೆ ಹೇಳೋಕೆ ನಾಚ್ಕೆಯಂತೆ!"

ನೆಲ ಬಾಯಿಬಿಟ್ಟರೆ ಸಾಕು ಅಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಕೆಮ್ಮುತ್ತಿದ್ದರು, ಮುಖ ತಿರುಗಿಸುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಭಾವ ಮೂರೂ ಮಾಡಲಿಲ್ಲ. ಮತ್ತೊಮ್ಮೆ ಮಡಿಕೆಯನ್ನು ನೋಡಿ ಕೇಳಿದರು.

"ಅಂಚಲ್ಲಿ ಎಷ್ಟು ಬೆರಳು ಹಿಡ್ದಿದೀಯ?"

"ನಾಲ್ಕು ಬೆರಳು ಭಾವ. ಒಂದು ಮೊಳ ಒಳಗೆ ಹೋಗೋಷ್ಟ್ರಲ್ಲಿ ಸೊನ್ನೆ."

"ಕೆಳಗಿಂದಕ್ಕೆ?"

"ಮೂರು."

"ಸರಿಯಾಗೈತೆ" ಅಂದರು. ಒಬ್ಬ ಮೇಸ್ತ್ರಿ ಇನ್ನೊಬ್ಬ ಮೇಸ್ತ್ರಿಗೆ ಹೇಳುವ ಹಾಗೆ. ನನ್ನ ಮೂವತ್ತು ವರ್ಷದ ಹೊಲಿಗೆಗೆ ಎಷ್ಟೋ ಜನ ಚೆನ್ನಾಗಿದೆ ಅಂದಿದ್ದಾರೆ, ಅಳತೆ ಕೇಳಿ ಮೆಚ್ಚಿದವರು ಅವರೊಬ್ಬರೇ.

ಭೋಗಿಯ ದಿನ ಬೆಳಿಗ್ಗೆ, ಅಂದರೆ ಸಂಕ್ರಾಂತಿಗೆ ಒಂದು ದಿನ ಮುಂಚೆ, ಭಾವ ಒಬ್ಬರೇ ಹೊರಟರು. ಅಲ್ಲಿಯವರೆಗೆ ನಾಲ್ಕು ಸಲ ತಮ್ಮನ ಜೊತೆ ಹೋಗಿ ಬಂದಿದ್ದರು. ಆದರೆ ಹಿಂದೆ ಹುಟ್ಟು ಹಿಡಿದವನೊಬ್ಬ ಕೂತಿದ್ದರೆ ಅದು ಲೆಕ್ಕಕ್ಕಿಲ್ಲ ಅಂತ ಅವರೇ ಹಾಕಿಕೊಂಡ ಷರತ್ತು. ಜಯಕ್ಕನ ಷರತ್ತು ಬೇರೆ. ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನು ಮುಚ್ಚಳ ಬಿಗಿದು ಎದೆಗೂ ಬೆನ್ನಿಗೂ ಕಟ್ಟಿದಳು.

"ಎಣ್ಣೆ ತರೋಕೆ ಹೊರಟ್ರಾ ಗೌಡ್ರೇ?" ಅಂದ ಮಂಜಪ್ಪ.

"ಹೂಂ. ನಿನ್ನ ತಲೆಗೆ ಹಚ್ಚೋಕೆ" ಅಂದರು ಭಾವ.

ಬಲಗೈಯಲ್ಲಿ ಹಾಯಿಯ ಹಗ್ಗ. ಆ ಕೈ ಎತ್ತುವ ಹಾಗಿಲ್ಲ, ಮಡಿಲಲ್ಲಿ ಹಿಡಿದುಕೊಳ್ಳಬಹುದು. ಎಡಗಂಕುಳಲ್ಲಿ ದಾರಿ ತಿರುಗಿಸುವ ಹುಟ್ಟು. ಹಲಗೆ ಇಳಿಸಿದರು, ಹಾಯಿ ತುಂಬಿತು, ದೋಣಿ ಹೊರಟಿತು. ಏಡಿಯ ಹಾಗಲ್ಲ, ನೇರವಾಗಿ. ನೀರಿನ ಮೇಲೆ ಅದು ಹೋಗುವ ಚಂದ ನೋಡಬೇಕಿತ್ತು ನೀವು. ನಮ್ಮ ಹಳೇ ಟಾರ್ಪಾಲು, ನಮ್ಮ ಗೊಬ್ಬರದ ಚೀಲ, ನನ್ನ ಐದು ಟಕ್ಸ್. ನಮ್ಮ ಮನೆಯವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಮದುವೆಯಾದ ಮೇಲೆ ಎರಡನೇ ಸಲ.

ನಡುನೀರಿಗೆ ಹೋಗುವಷ್ಟರಲ್ಲಿ ಗಾಳಿ ಬಿದ್ದುಹೋಯಿತು.

ಹಾಯಿ ಸೋತು ಜೋತು ಬಿತ್ತು. ದೋಣಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಭಾವ ಅಲ್ಲಾಡದೆ ಕೂತಿದ್ದಾರೆ, ನೀಲಿಯ ಕೆಳಗೆ ಎರಡು ಹಳದಿ ಕ್ಯಾನು. ನಮ್ಮ ಮನೆಯವರು ಪಂಚೆ ಎತ್ತಿ ಕಟ್ಟಿ, ಪಕ್ಕದಲ್ಲಿದ್ದ ಮೀನಿನವರ ತೆಪ್ಪ ನೀರಿಗೆ ತಳ್ಳಲು ಹೋದರು. ಜಯಕ್ಕ ಅದರ ಅಂಚಿಗೆ ಕಾಲಿಟ್ಟು ನಿಂತಳು.

"ಬ್ಯಾಡ, ಇರು."

"ಅತ್ತಿಗೆ, ನಡುನೀರಲ್ಲಿ ಕೂತವ್ರೆ!"

"ಕಾಣ್ತದೆ. ಕರೀಲಿ, ಆಮೇಲೆ ಹೋಗು. ಕರೀದೆ ನೀನು ಹೋದ್ಯೋ, ಅವರು ದಿಣ್ಣೆ ಕೊಟ್ಬುಡ್ತಾರೆ."

ನಾನು ಅವಳ ಕೈ ಹಿಡಿದುಕೊಂಡೆ. ಬೆವೆತು ಒದ್ದೆಯಾಗಿತ್ತು. ಗಂಡ ಒಂದು ತೋಳಿನವನು, ನೀರಿನ ನಡುವೆ ಎರಡು ಎಣ್ಣೆ ಕ್ಯಾನು ಕಟ್ಟಿಕೊಂಡು ಕೂತಿದ್ದಾನೆ. ಹೆಂಡತಿ ದಡದಲ್ಲಿ ತೆಪ್ಪ ತುಳಿದು ನಿಂತಿದ್ದಾಳೆ, ಬೇರೆ ಯಾರೂ ಅವನಿಗೆ ಸಹಾಯ ಮಾಡದ ಹಾಗೆ. ಇಬ್ಬರಲ್ಲಿ ಯಾರನ್ನು ಹೆಚ್ಚು ಮೆಚ್ಚಬೇಕು ಅಂತ ನನಗೆ ಈಗಲೂ ತೀರ್ಮಾನವಾಗಿಲ್ಲ.

ಭಾವ ಕರೆಯಲಿಲ್ಲ. ಕಾಲು ಗಂಟೆಯಾಯಿತೋ ಏನೋ. ಮೂಡಲ ಕಡೆ ನೀರಿನ ಮೇಲೆ ಸಣ್ಣ ನಡುಕ ಕಂಡಿತು. ಅದು ಹತ್ತಿರ ಬಂತು, ದೋಣಿಯನ್ನು ಮುಟ್ಟಿತು, ಹಾಯಿಯ ಹೊಟ್ಟೆ ಮೊದಲು ಕೆಳಗೆ, ಆಮೇಲೆ ಮೇಲೆ ತುಂಬಿತು. ದೋಣಿ ಹೊರಟಿತು. ಆಚೆ ದಡದ ಕಿತ್ತಳೆ ಗಿಡಗಳ ಹತ್ತಿರ ನೀಲಿ ನಿಂತದ್ದು ಕಂಡ ಮೇಲೆ ಜಯಕ್ಕ ತೆಪ್ಪದಿಂದ ಕಾಲು ತೆಗೆದು, ಅಲ್ಲೇ ಕಲ್ಲಿನ ಮೇಲೆ ಕೂತು, "ಹಾಳಾದ್ದು ಕಾಲು ಜೋಮು ಹಿಡಿದ್ಬುಡ್ತು" ಅಂತ ಅತ್ತಳು.

ಅವರು ವಾಪಸ್ಸು ಬಂದದ್ದು ನಾಲ್ಕು ಗಂಟೆಗೆ. ಇಷ್ಟು ಹೊತ್ತು ಏನು ಮಾಡಿದಿರಿ ಅಂದರೆ, "ಕೆಲ್ಸ ಇತ್ತು" ಅಂದರು. ಚಿಗುರು ಕಿತ್ತು, ಬಿದ್ದ ಬಳ್ಳಿ ಎತ್ತಿ ಕಟ್ಟಿ, ಕೋತಿ ಓಡಿಸಿ ಬಂದಿದ್ದರು. ಬಟ್ಟೆಯ ತುಂಬ ಹಸಿ ಸೊಪ್ಪಿನ ವಾಸನೆ. ಕ್ಯಾನು ಬಿಚ್ಚುವುದಕ್ಕೂ ಮುಂಚೆ ಕಣದಲ್ಲಿ ನಿಂತು ಫೋನು ಮಾಡಿದರು.

"ರಾಜಣ್ಣ, ನೀನು ಬರೋದು ಬ್ಯಾಡ ಮಾರಾಯ. ನಾನೇ ಹೋಗ್ಬರ್ತೀನಿ."

ರಾಜಣ್ಣನ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸಿತು. "ಅಲ್ಲಾ ಗೌಡ್ರೇ, ಗಾಳೀನ ನಂಬ್ಕೊಂಡು ತೋಟ ಮಾಡೋಕಾಯ್ತದಾ? ಗಾಳಿ ಇಲ್ಲದ ದಿನ ಏನ್ ಮಾಡ್ತೀರ?"

"ಮನೇಲಿ ಕೂತ್ಕೊತೀನಿ."

"ಈಗ್ಲೂ ಮನೇಲೇ ಕೂತಿದ್ರಲ್ಲ!"

ಭಾವ ಎದೆಯ ಮೇಲಿನ ಕ್ಯಾನು ಸರಿಸಿಕೊಂಡರು. "ತೋಳಿಲ್ಲ ಅಂತ ಕೂತಿದ್ದೆ ಕಣೋ ಇಷ್ಟು ದಿನ. ಇನ್ಮೇಲೆ ಗಾಳಿ ಇಲ್ಲ ಅಂತ ಕೂತ್ಕೊತೀನಿ. ಅದು ಬೇರೆ, ಇದು ಬೇರೆ" ಅಂದು ಫೋನಿಟ್ಟರು.

ಈಗ ಮೂರನೇ ಹಾಯಿ ನಡೆಯುತ್ತಿದೆ. ಬಿಸಿಲಿಗೆ ಟಾರ್ಪಾಲು ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಗಾಳಿ ಬೀಳುವ ದಿನಗಳೂ ಇವೆ. ಅಂಥ ದಿನ ಭಾವ ತಿಂಡಿ ತಿಂದು ಜಗಲಿಗೆ ಬಂದು ಕೂತು, ಮೂಡಲ ದಿಕ್ಕಿಗೆ ಮುಖ ಮಾಡಿ, ಸಾಲ ತೀರಿಸದ ನೆಂಟನನ್ನು ಬೈದ ಹಾಗೆ ಬೈಯುತ್ತಾರೆ. ಊರಿಗೆಲ್ಲ ಕೇಳುತ್ತದೆ. ಮೊನ್ನೆ ನಾನು, "ಏನಕ್ಕ ಇವತ್ತು ಬಹಳ ಜೋರಾಗೈತೆ, ಒಳಗೆ ಕರೀಬಾರ್ದಾ?" ಅಂದೆ.

ಜಯಕ್ಕ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಬೈಲಿ ಬಿಡೇ. ಮುಂಚೆ ತೋಳನ್ನ ಬೈಯೋರು, ಅದೂ ಮನಸ್ಸಲ್ಲೇ. ಅದನ್ನ ಕೇಳೋಕಾಗ್ತಿರ್ಲಿಲ್ಲ."